ಎರಡಾಳುದ್ದ ನೀರು

ಗಡಿ ಹೊಳೆಯಲ್ಲಿ ಸರ್ಕಾರ ದೊಡ್ಡ ದೊಡ್ಡ ಪೀಪಾಯಿಗಳನ್ನು ಸರಪಳಿಗೆ ಪೋಣಿಸಿ ಅಡ್ಡಲಾಗಿ ತೇಲಿಬಿಟ್ಟು ವರ್ಷವಾಗಿತ್ತು. ಆಚೆ ದಡದಿಂದ ಕದ್ದುಮುಚ್ಚಿ ಈಚೆಗೆ ಬರುವವರನ್ನು ತಡೆಯಲೆಂದು ಹಾಕಿದ್ದು. ಬರುವವರು ಬೇರೆ ದಾರಿ ಹುಡುಕಿಕೊಂಡರು. ಏಟು ಬಿದ್ದದ್ದು ದೋಣಿ ನಡೆಸುವವರ ಹೊಟ್ಟೆಯ ಮೇಲೆ. ಅವರು ಕೋರ್ಟಿಗೆ ಹೋದರು. ದೋಣಿ ಓಡುವ ಹೊಳೆಗೆ ಅಡ್ಡ ಕಟ್ಟುವಂತಿಲ್ಲ ಎನ್ನುತ್ತಿತ್ತು ಕಾನೂನು. ಅಲ್ಲಿ ದೋಣಿ ಓಡುವಷ್ಟು ನೀರೇ ಇಲ್ಲ ಎಂದಿತು ಸರ್ಕಾರ.

ಆ ಮಾತಿಗೆ ಆಧಾರ ಅವಳ ಸಹಿಯಿದ್ದ ಅಳತೆಯ ವರದಿ. ನೀರಿನ ಆಳ ಅಳೆಯುವುದು ನೀರಾವರಿ ಇಲಾಖೆಯಲ್ಲಿ ಅವಳ ಕೆಲಸ. ಕಡುಬೇಸಿಗೆಯಲ್ಲಿ ಹದಿಮೂರು ಕಡೆ ಗುಂಡು ಕಟ್ಟಿದ ಹಗ್ಗ ಇಳಿಸಿದ್ದಳು. ಹನ್ನೆರಡು ಕಡೆ ಮೊಣಕಾಲುದ್ದವೂ ಇರಲಿಲ್ಲ. ಹದಿಮೂರನೆಯದು ಹಳೆಯ ದೋಣಿಗಟ್ಟೆ, ಅಲ್ಲಿ ಎರಡಾಳುದ್ದ.

"ಅದೊಂದು ಬಿಟ್ಟುಬಿಡಮ್ಮ," ಎಂದಿದ್ದರು ಮೇಲಧಿಕಾರಿ, ಕನ್ನಡಕ ಒರೆಸುತ್ತ. "ಹನ್ನೆರಡಾದ್ರೆ ಒಂದು ಡಜನ್. ನೋಡೋಕೂ ಚೆನ್ನಾಗಿರುತ್ತೆ."

ಕೆಲಸ ಕಾಯಂ ಆಗುವವರ ಪಟ್ಟಿಯಲ್ಲಿ ಅವಳೂ ಇದ್ದಳು. ನಕ್ಕು, ಬಿಟ್ಟುಬಿಟ್ಟಳು.

ಕೋರ್ಟಿನಲ್ಲಿ ದೋಣಿಯವರ ಪರ ಸಾಕ್ಷಿಗೆ ನಿಂತವನು ಅವಳ ದೊಡ್ಡಪ್ಪ. ಅಪ್ಪ ತೀರಿಕೊಂಡ ಮೇಲೆ ದೋಣಿಗೆ ಹುಟ್ಟು ಹಾಕಿ ಹಾಕಿಯೇ ಅವಳನ್ನು ಓದಿಸಿದವನು.

"ಐವತ್ತು ವರ್ಷ ದೋಣಿ ಬಿಟ್ಟಿದೀನಿ ಸ್ವಾಮಿ. ಆಚೆ ದಡದ ಹೆಣ್ಣನ್ನ ನನ್ನ ತಮ್ಮ ಮದುವೆಯಾಗಿ ಕರ್ಕೊಂಡು ಬಂದಿದ್ದೂ ನನ್ನ ದೋಣೀಲೇ," ಎಂದ, ಅವಳ ಕಡೆ ನೋಡದೆ.

"ಮೊಣಕಾಲುದ್ದ ನೀರಲ್ಲಿ ದೋಣೀನ ತಲೆ ಮೇಲೆ ಹೊತ್ಕೊಂಡು ಬಂದ್ಯಾ ಅಜ್ಜ?" ಎಂದರು ಸರ್ಕಾರಿ ವಕೀಲರು. ಕುಳಿತಿದ್ದವರೆಲ್ಲ ನಕ್ಕರು. ಆಮೇಲೆ ಅವಳನ್ನು ಕರೆದರು.

"ಅಳೆದ ಹನ್ನೆರಡು ಕಡೆ ಎಲ್ಲಾದ್ರೂ ದೋಣಿ ತೇಲೋವಷ್ಟು ನೀರಿತ್ತಾ?"

"ಆ ಹನ್ನೆರಡು ಕಡೆ ಇರಲಿಲ್ಲ."

"ಹಾಗಾದ್ರೆ ಈ ಅಜ್ಜ ಹೇಳಿದ್ದು?"

"ವಯಸ್ಸಾಗಿದೆ," ಎಂದಳು.

ಮಧ್ಯಾಹ್ನದ ಬಿಡುವಿನಲ್ಲಿ ಅವಳು ಮೆಟ್ಟಿಲ ಮೂಲೆಯಲ್ಲಿ ನಿಂತಿದ್ದಾಗ ದೊಡ್ಡಪ್ಪನೇ ಹುಡುಕಿಕೊಂಡು ಬಂದ.

"ಊಟ ಮಾಡಿದ್ಯಾ?"

"ದೊಡ್ಡಪ್ಪಾ, ದೋಣಿಗಟ್ಟೆ ಹತ್ರಾನೂ ಅಳೆದಿದ್ದೆ ನಾನು."

"ಗೊತ್ತು. ಆವತ್ತು ದಡದ ಮೇಲೇ ಇದ್ದೆ. ಗುಂಡು ಎಷ್ಟು ಹಗ್ಗ ಎಳ್ಕೊಂಡು ಹೋಯ್ತು ಅಂತ ನೋಡಿದೀನಿ."

"ಮತ್ತೆ ಒಳಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿನ್ನ ಕೆಲಸಕ್ಕೆ ಸಂಚಕಾರ ಬರ್ತಿತ್ತಲ್ಲ," ಎಂದು, ಏನೂ ಆಗದವನಂತೆ ಕೈ ತೊಳೆಯಲು ನಲ್ಲಿಯ ಸಾಲಿನಲ್ಲಿ ಹೋಗಿ ನಿಂತ.

ಭೂಮಿ ಬಾಯಿ ಬಿಟ್ಟರೆ ಒಳಗೆ ಇಳಿದುಬಿಡೋಣ ಎನ್ನಿಸಿತು ಅವಳಿಗೆ. ಬಿಡುವು ಮುಗಿದದ್ದೇ ತಡ, ಯಾರೂ ಕರೆಯದೆ ಎದ್ದು ನಿಂತು, ಕೈಚೀಲದಲ್ಲಿದ್ದ ಅಳತೆ ಪುಸ್ತಕವನ್ನು ನ್ಯಾಯಾಧೀಶರ ಮುಂದೆ ಇಡಲು ಅಪ್ಪಣೆ ಕೇಳಿದಳು. ಸರ್ಕಾರಿ ವಕೀಲರು ಕೂಗಾಡಿದರು. ನ್ಯಾಯಾಧೀಶರು ಪುಟ ತಿರುವಿ ಹದಿಮೂರನೆಯ ಸಾಲಿನ ಮೇಲೆ ಬೆರಳಿಟ್ಟರು.

"ಬೆಳಿಗ್ಗೆ ಯಾಕೆ ಹೇಳಲಿಲ್ಲ?"

"ಹೆದರಿಕೆ, ಸ್ವಾಮಿ."

"ಆ ಹಿರಿಯರಿಗೆ ವಯಸ್ಸಾಗಿದೆ ಅಂದಿರಲ್ಲ, ಅದೂ ಹೆದರಿಕೆಯೇ?"



ಎರಡು ತಿಂಗಳಿಗೆ ತೀರ್ಪು ಬಂತು. ಪೀಪಾಯಿಗಳನ್ನು ದಡಕ್ಕೆ ಎಳೆಸಬೇಕು ಎಂದಾಯಿತು. ಸರ್ಕಾರ ಎಳೆಸಿತು, ಜೊತೆಗೇ ಮೇಲಿನ ಕೋರ್ಟಿಗೂ ಹೋಯಿತು. ಅಷ್ಟರಲ್ಲಿ ಅವಳನ್ನು ಕೆಲಸದಿಂದ ಅಮಾನತು ಮಾಡಿದ್ದರು.

ಪೀಪಾಯಿಗಳು ದಡ ಸೇರಿದ ಸಂಜೆ ದೋಣಿಯವರೆಲ್ಲ ದೊಡ್ಡಪ್ಪನ ಮನೆಯಲ್ಲಿ ಸೇರಿದರು. "ಕೆಲಸ ಹೋದ್ರೂ ನಿಜ ಹೇಳಿದ್ಯಲ್ಲಮ್ಮ, ಅದಕ್ಕೆ ಎಂಟೆದೆ ಬೇಕು," ಎಂದ ಒಬ್ಬ. ದೊಡ್ಡಪ್ಪ ಹೆಮ್ಮೆಯಿಂದ, "ನನ್ನ ತಮ್ಮನ ಮಗಳಲ್ವೇನಯ್ಯ," ಎಂದ. ಅವನ ದನಿಯಲ್ಲಿ ಕೊಂಕಿನ ಸುಳಿವೂ ಇರಲಿಲ್ಲ. ಇದ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಎದ್ದು ಅಡುಗೆಮನೆಗೆ ಹೋಗಿ, ಆಗಲೇ ತೊಳೆದಿಟ್ಟಿದ್ದ ಪಾತ್ರೆಗಳನ್ನು ಮತ್ತೆ ತೊಳೆಯುತ್ತ, ಅವರೆಲ್ಲ ಹೊರಟುಹೋಗುವವರೆಗೂ ಹೊರಗೆ ಬರಲಿಲ್ಲ.