ಹಾಡು ತೊಳೆಯುವ ಅನಂತರಾಜು

ಉಪ್ಪಾರಹಳ್ಳಿಯ ಅನಂತರಾಜು ಯಾವ ವಸ್ತುವನ್ನೂ ಬೆರಳಿನಿಂದ ಮುಟ್ಟುವುದಿಲ್ಲ. ಅಂಗೈಗಳೆರಡನ್ನೂ ಎದುರುಬದುರು ಹಿಡಿದು ಅಂಚಿನಲ್ಲಷ್ಟೇ ಎತ್ತುತ್ತಾರೆ. ಹೋಟೆಲಿನಲ್ಲಿ ದೋಸೆಯ ತಟ್ಟೆ ಬಂದರೂ ಹಾಗೇ, ನಾಮಕರಣದಲ್ಲಿ ಕೂಸನ್ನು ಕೈಗಿತ್ತರೂ ಹಾಗೇ. ಹಳೆಯ ಗ್ರಾಮಫೋನ್ ಪ್ಲೇಟುಗಳನ್ನು ತೊಳೆಯುವ ಮಹಾಯಾಗಕ್ಕೆ ದೀಕ್ಷೆ ತೊಟ್ಟ ಕೈಗಳು ಅವು. ಧೂಳು ಅವರ ಕುಲವೈರಿ, ಬೂಷ್ಟು ಅದರ ಸೇನಾಪತಿ. ಗುಬ್ಬಿಯ ಗುಜರಿಯಲ್ಲಿ ಸಿಕ್ಕ ಫ್ಯಾನಿನ ಮೋಟಾರಿಗೆ ವ್ಯಾಕ್ಯೂಮ್ ಕ್ಲೀನರಿನ ಹೊಟ್ಟೆ ಜೋಡಿಸಿ ತಾವೇ ಕಟ್ಟಿದ ಯಂತ್ರಕ್ಕೆ ‘ಐರಾವತ’ವೆಂದು ನಾಮಕರಣ ಮಾಡಿದ್ದಾರೆ. ಅದು ಪ್ಲೇಟನ್ನು ತಿರುಗಿಸುತ್ತದೆ, ಸೋಪುನೀರಿನಲ್ಲಿ ಉಜ್ಜುತ್ತದೆ, ಸೊಂಡಿಲಿನಂಥ ಕೊಳವೆಯಿಂದ ಕೊಳೆನೀರು ಹೀರುತ್ತದೆ. ಅದರ ಘೀಳಿಗೆ ಪಕ್ಕದ ಮನೆಯವರು ಟೀವಿಯ ಸೌಂಡು ಏರಿಸುತ್ತಾರೆ.

ಈ ಐರಾವತದ ಮುಂದೆ ಒಂದು ಬೆಳಿಗ್ಗೆ ನಿಟ್ಟೂರಿನ ಶಿವರುದ್ರಮ್ಮ ಬಂದು ನಿಂತರು, ಪಂಚೆಯಲ್ಲಿ ಸುತ್ತಿದ ಪ್ಲೇಟೊಂದನ್ನು ಎದೆಗವಚಿಕೊಂಡು. ಆಕೆಯ ತಂದೆ ತಮ್ಮ ಭಜನೆಮೇಳದೊಂದಿಗೆ ಬೆಂಗಳೂರಿಗೆ ಹೋಗಿ ಹಾಡಿ ರೆಕಾರ್ಡು ಮಾಡಿಸಿಕೊಂಡು ಬಂದದ್ದು ಅದು. ಅವರ ದನಿ ಈ ಲೋಕದಲ್ಲಿ ಉಳಿದಿದ್ದುದು ಅದೊಂದರಲ್ಲೇ. ಮನೆಯ ಪ್ಲೇಯರ್ ಕೆಟ್ಟ ಮೇಲೆ ಆಕೆ ಅದನ್ನು ದೇವರ ಗೂಡಿನಲ್ಲಿಟ್ಟು, ಪ್ರತಿ ಆಯುಧಪೂಜೆಗೂ ಕೊಬ್ಬರಿ ಎಣ್ಣೆ ಸವರಿ ಹೊಳಪು ಬರಿಸಿ, ಮೇಲೆ ಮೂರು ಪಟ್ಟೆ ವಿಭೂತಿ ಬಳಿದಿದ್ದರು. ಭಕ್ತಿಯು ಗೆರೆಗಳ ಆಳಕ್ಕಿಳಿದು ಗಾರೆಯಾಗಿತ್ತು.

“ಸ್ವಾಮಿ, ಇಬೂತಿ ಜೊತೆಗೆ ನಮ್ಮಪ್ಪನ ದನೀನೂ ಕೊಚ್ಕೊಂಡು ಹೋಗ್ಬುಟ್ರೆ?”

“ತಾಯಿ, ಐರಾವತ ಇರೋವಾಗ ಭಯ ಯಾಕೆ? ನೀವು ಕಾಫಿ ಮುಗ್ಸೋದ್ರೊಳಗೆ ಕೊಳೆ ಸಂಹಾರ ಆಗೋಯ್ತು ಅಂದ್ಕೊಳಿ.”

ಕಾಫಿ ಮುಗಿಯಿತು. ಐರಾವತ ಘೀಳಿಟ್ಟಿತು, ಎಣ್ಣೆ-ಬೂದಿಯ ಮುದ್ದೆಯನ್ನು ಪ್ಲೇಟಿನ ತುಂಬ ಸಾರಿಸಿತು, ಕೊನೆಗೆ ಸೊಂಡಿಲು ಕಟ್ಟಿಕೊಂಡು, ಸುಟ್ಟ ವಾಸನೆ ಬಿಟ್ಟು ಮಲಗಿತು. ಶಿವರುದ್ರಮ್ಮನ ಮುಖ ಬಿಳಿಚಿತು. ಅನಂತರಾಜು ಯಂತ್ರದ ಸ್ವಿಚ್ಚನ್ನೇ ದಿಟ್ಟಿಸುತ್ತ ನಿಂತರು, ತಪ್ಪೆಲ್ಲ ಅದರದೇ ಎಂಬಂತೆ.

ಅಡುಗೆಮನೆಯಿಂದ ಹೆಂಡತಿ ಪ್ರೇಮಲತಾ ಇಣುಕಿದರು. “ರೀ, ಆನೆ ಮಲಗಿದ್ದಾಯ್ತಲ್ಲ, ಮಾವುತ ಕೆಳಗಿಳೀಲಿ. ಬಾಣಲೆ ಜಿಡ್ಡು ತೊಳೆಯೋಕೆ ನಾನೇನು ಮೋಟಾರು ತರ್ತೀನಾ?”

ಮಾವುತ ಇಳಿದರು, ತೋಳು ಮಡಿಚಿದರು. ನಡುವಿನ ಲೇಬಲ್ಲು ನೆನೆಯದಂತೆ ಡಬ್ಬಿಯ ಮುಚ್ಚಳ ಕವುಚಿದರು. ಅವಸರದಲ್ಲಿ ಉಜ್ಜಿದರೆ ಬೂದಿಯ ಹರಳೇ ಗೆರೆಯನ್ನು ಕೊರೆದೀತು. ಆದ್ದರಿಂದ ಮೊದಲು ನೆನೆಹಾಕುವುದು, ಆಮೇಲೆ ಮೆತ್ತನೆಯ ಬ್ರಷ್ಷಿನಿಂದ ಗೆರೆ ಹರಿದತ್ತಲೇ ಮಗುವಿನ ನೆತ್ತಿ ತಿಕ್ಕುವಂತೆ ತಿಕ್ಕುವುದು, ನೀರು ಚೆಲ್ಲುವುದು, ಮತ್ತೆ ನೆನೆಹಾಕುವುದು. ಸಂಹಾರದ ಮಾತಾಡಿದ ಬಾಯಿ ಮಧ್ಯಾಹ್ನದ ಊಟಕ್ಕೂ ತೆರೆಯಲಿಲ್ಲ.

ಸಂಜೆಗೆ ಪ್ಲೇಟು ಒಣಗಿಸಿ, ತಮ್ಮ ಗ್ರಾಮಫೋನಿಗೇರಿಸಿ ಮುಳ್ಳು ಇಟ್ಟರು. ಚರಚರ, ತಾಳದ ಸದ್ದು, ಆಮೇಲೆ ತುಸು ಮೂಗಿನಲ್ಲಿ ಹೊರಡುವ ಗಂಡುದನಿ. ಶಿವರುದ್ರಮ್ಮ ಸೆರಗನ್ನು ಬಾಯಿಗೊತ್ತಿಕೊಂಡರು. ಅಷ್ಟರಲ್ಲಿ ಮುಳ್ಳು ಸಿಕ್ಕಿಕೊಂಡಿತು: ಅದೇ ಅರ್ಧ ಸಾಲು, ಮತ್ತೆ ಅದೇ ಅರ್ಧ ಸಾಲು. ಅನಂತರಾಜು ಸೋತ ವೀರನಂತೆ ಮುಳ್ಳೆತ್ತಲು ಕೈ ಚಾಚಿದರು.

“ತೆಗೀಬ್ಯಾಡಿ ಸ್ವಾಮಿ!” ಎಂದರು ಶಿವರುದ್ರಮ್ಮ, ಅಳುತ್ತ, ನಗುತ್ತ. “ಮುಂದಿನ ಸಾಲು ಮರ್ತಾಗ್ಲೆಲ್ಲ ನಮ್ಮಪ್ಪ ಹಿಂಗೇ ತಿರುಗ್ಸಿ ತಿರುಗ್ಸಿ ಹಾಡೋರು. ಮೇಳದೋರೆಲ್ಲ ನಗೋರು. ಇನ್ನೊಂದ್ ದಪ ಹಾಡ್ಲಿ ಬುಡಿ.”

ಆಕೆಗೆ ಸಾಕೆನಿಸುವವರೆಗೂ ಹಾಡಲು ಬಿಟ್ಟು, ಅನಂತರಾಜು ಮುಳ್ಳನ್ನು ಕೂದಲೆಳೆಯಷ್ಟು ದೂಡಿದರು. ಅಪ್ಪನಿಗೆ ಮುಂದಿನ ಸಾಲು ನೆನಪಾಯಿತು.

ಹೊಸದನ್ನು ಸೃಷ್ಟಿಸುವವರ ಸುತ್ತ ಭೇರಿ ಮೊಳಗುತ್ತಲೇ ಇರುತ್ತದೆ. ಇವರ ಬಗೆಯವರು ಅಡ್ಡ ಕೂತ ಜಿಡ್ಡನ್ನು ತೆಗೆದು ತಾವೂ ಪಕ್ಕಕ್ಕೆ ಸರಿಯುತ್ತಾರೆ. ಜಂಬ ಬೆಟ್ಟದಷ್ಟಿರಲಿ, ಮನೆ ತುಂಬ ಸುಟ್ಟ ವಾಸನೆ ಬರಲಿ, ಊರಿಗೊಬ್ಬರಾದರೂ ಇಂಥವರು ಬೇಕು. ಸತ್ತವರ ಬಾಯಲ್ಲೂ ಇನ್ನೊಂದು ಸಾಲು ಬಾಕಿಯಿದೆಯೆಂದು ನಂಬಿ, ಅದು ಹೊರಬರುವವರೆಗೂ ಸುಮ್ಮನೆ ಕೂತು ತಿಕ್ಕುವವರು.