ನೇರ ತಂತಿ

ಭಜನೆಯ ಎರಡನೆಯ ಸಾಲಿಗೆ ಗಿಟಾರಿನ ದನಿ ಕುಗ್ಗಿ ಕುಗ್ಗಿ ಇಲ್ಲವಾಯಿತು. ಚಂದಮ್ಮನ ಬೆರಳುಗಳು ತಂತಿ ಮೀಟುತ್ತಲೇ ಇದ್ದವು. ದನಿ ದೊಡ್ಡದು ಮಾಡುವ ಪಕ್ಕದ ಬ್ಯಾಟರಿ ಪೆಟ್ಟಿಗೆ ಮಾತ್ರ ಬರಿದೇ ಗುಂಯ್‌ಗುಡುತ್ತಿತ್ತು. ವಾಡಿಯ ರೈಲ್ವೆ ಚಾಳಿನ ಅಂಗಳದಲ್ಲಿ, ಹೂವಿನ ವಿಮಾನದೊಳಗೆ ಕೂತು, ತೀರಿಹೋದ ಅವಳ ಅಪ್ಪ ರೇವಣಪ್ಪ ಮಣ್ಣಿಗೆ ಹೊರಟಿದ್ದ. ನಿಜಾಮ ಸರ್ಕಾರದ ರೈಲ್ವೆಯಲ್ಲಿ ಇಪ್ಪತ್ತೆರಡು ವರ್ಷ ಸಿಗ್ನಲ್ ಮಿಸ್ತ್ರಿಯಾಗಿದ್ದವನು.

"ನಾ ಹೇಳಿದ್ದಿಲ್ಲ?" ಎಂದ ದೊಡ್ಡಪ್ಪ ಶಿವರಾಯ. "ಒಂದು ಭಜನಿ ಪದ ಪೂರಾ ಆಗಲಿಲ್ಲಂದ್ರ ಆ ಬಾಜಾ ಒಳಗ ಇಡ್ಬೇಕಂತ ಮಾತಾಗಿತ್ತು. ಇಡವ್ವ. ಮಂದಿ ನಗಲಿಕತ್ತಾರ."

"ಸಿಗ್ನಲ್ ಮಿಸ್ತ್ರೀನ ಗಾಡೀನ ಸಿಗ್ನಲ್ ಸಿಗದ ಹೊರಗ ನಿಂತದ ನೋಡ್ರಿ," ಎಂದ ಹಿಂದೆ ಯಾರೋ.

ರೇವಣಪ್ಪನ ಜೋಡಿ ಕೆಲಸಗಾರ ಲಾಲ್ ಅಹ್ಮದ್ ತಿರುಪಿನ ಮೊಳೆ ಬಿಚ್ಚುವ ಹತಾರ ಹಿಡಿದು ಬಂದ. "ಗಿಟಾರಿನ ಹೊಟ್ಟಿ ಬಿಚ್ಚಲೇನ ಬೇಟಿ?"

"ಬ್ಯಾಡ ಚಾಚಾ. ಬಿಸಿಲಿಗೆ ಕಂಡೆನ್ಸರ್ ಹೋಗ್ಯಾದ. ಬಿಚ್ಚಿದ್ರ ತಾಸು ಹಿಡೀತದ."

*

ಗಿಟಾರು, ವರ್ಗವಾಗಿ ಹೋದ ಗಾರ್ಡ್ ಸಾಹೇಬ ಬಿಟ್ಟುಹೋದದ್ದು. ಕೆಟ್ಟ ಟೆಲಿಫೋನಿನ ಅಯಸ್ಕಾಂತ, ಸುರುಳಿ ತಂದು ಅದರೊಳಗೆ ಕೂಡಿಸಿದವನು ರೇವಣಪ್ಪ. ಆಮೇಲೆ, ಕಿರುಚು ದನಿ ಮೆತ್ತಗಾಗಲೆಂದು ಒಂದು ಕಂಡೆನ್ಸರ್, ಹೆಚ್ಚುಕಡಿಮೆ ಮಾಡಲು ಒಂದು ಗುಂಡಿ. ಅಷ್ಟಾದ ಮೇಲೂ ಒಂದು ಸ್ವಿಚ್ಚಿಗೆಂದು ತೂತು ಕೊರೆಯುತ್ತಿದ್ದ. ಬೆಸುಗೆ ಹಾಕುತ್ತಿದ್ದವಳು ಚಂದಮ್ಮ.

"ಇದ್ಯಾಕಪ್ಪ?"

"ಕಂಡೆನ್ಸರ್, ಗುಂಡಿ ಎಲ್ಲಾ ಬಿಟ್ಟು ದನಿ ನೆಟ್ಟಗ ಹೊರಗ ಹೋಗ್ಲಿಕ್ಕೆ."

"ಸಿಗ್ನಲ್‌ದಾಗೂ ಹಿಂಗ ಮಾಡ್ತಿಯೇನ?"

"ಹುಚ್ಚಿ. ಸಿಗ್ನಲ್ ತಂತಿ ಹರಿದ್ರ ಕಂಬದ ಕೈ ತಾನ ಅಡ್ಡ ಆಗಬೇಕು, ಗಾಡಿ ನಿಲ್ಲಬೇಕು. ನಿಂತ ಗಾಡ್ಯಾಗ ಯಾರೂ ಸಾಯಂಗಿಲ್ಲ. ಹಾಡಿಂದು ಉಲ್ಟಾ. ಚಂದ ಕೆಡಲಿ, ನಿಲ್ಲಬಾರದು." ತೂತಿನ ಪುಡಿ ಊದಿ ಹೇಳಿದ್ದ: "ನನ್ನ ಮಣ್ಣಿನ ದಿನ ನೀನ ಬಾರಿಸು. ಅವತ್ತು ಬಂದ್ ಬಿದ್ರ ಬೈಲಿಕ್ಕೆ ನಾ ಇರಂಗಿಲ್ಲ."

*

ಚಂದಮ್ಮ ಹೆಬ್ಬೆರಳಿನಿಂದ ಸ್ವಿಚ್ಚು ಒತ್ತಿದಳು. ದನಿ ಮರಳಿತು: ಒರಟು, ಬತ್ತಲೆ, ಹಳಿಗೆ ಸುತ್ತಿಗೆ ಬಿದ್ದಂತೆ.

"ಕಿವಿ ಹರೀತದಲ್ಲ," ಎಂದ ಶಿವರಾಯ.

"ಹರೀಲಿ ಬಿಡಪ್ಪ, ಸ್ವರ ತಪ್ಪಿಲ್ಲ," ಎಂದು ಭಜನೆ ಹೇಳಿಸುತ್ತಿದ್ದ ಮಡಿವಾಳಯ್ಯನವರು ತಾಳ ಎತ್ತಿದರು. ಭಜನೆಯವರು ದನಿ ಏರಿಸಿದರು. ಚಂದಮ್ಮ ಎಲ್ಲೂ ಅವಸರ ಮಾಡಲಿಲ್ಲ. ಪದ ಪೂರಾ ಆಯಿತು.

ನಾಲ್ವರು ವಿಮಾನಕ್ಕೆ ಹೆಗಲು ಕೊಟ್ಟರು. ಶಿವರಾಯ ಅವಳ ಕಡೆ ತಿರುಗಿದ. "ಆತಲ್ಲ. ಇನ್ನ ಇಡು."

"ಇನ್ನೂ ನಾಕು ಪದ ಅವ ದೊಡ್ಡಪ್ಪ. ಮಣ್ಣು ಮಾಡೋ ಗುಣಿತನಕ."

"ಪೆಟ್ಟಿಗಿ ಇಲ್ಲೇ ಅದ. ಅದಕ್ಕ ಜೋಡಿಸಿದ ನಿನ್ನ ತಂತಿ ನಾಕು ಮೊಳ."

ಲಾಲ್ ಅಹ್ಮದ್ ಆಗಲೇ ಪೆಟ್ಟಿಗೆಗೆ ಹಗ್ಗ ಬಿಗಿದು, ಬಿದಿರು ತೂರಿಸಿ, ಒಂದು ತುದಿಗೆ ಹೆಗಲು ಕೊಟ್ಟು ಕುಕ್ಕರಗಾಲಲ್ಲಿ ಕೂತಿದ್ದ. ಇನ್ನೊಂದು ತುದಿ ನೆಲದ ಮೇಲಿತ್ತು. ಶಿವರಾಯ ಅದನ್ನು ನೋಡಿದ, ಮುಂದೆ ಸಾಗುತ್ತಿದ್ದ ತಮ್ಮನ ಬೆನ್ನನ್ನು ನೋಡಿದ. ವಲ್ಲಿವಸ್ತ್ರ ಮಡಚಿ ಹೆಗಲಿಗಿಟ್ಟುಕೊಂಡು ಆ ತುದಿಗೆ ಬಾಗಿದ.

ಗೇಟು ದಾಟುವಾಗ ನಾಲ್ಕು ಹೆಗಲ ಮೇಲೆ ವಿಮಾನ ಮುಂದೆ, ಎರಡು ಹೆಗಲ ಮೇಲೆ ಪೆಟ್ಟಿಗೆ ಹಿಂದೆ. ನಡುವೆ ಚಂದಮ್ಮ, ತಂತಿ ಬಿಗಿಯದಂತೆ ದೊಡ್ಡಪ್ಪನ ಹೆಜ್ಜೆಗೆ ಹೆಜ್ಜೆ ಹೊಂದಿಸುತ್ತ.