ಮೇಲಿನ ದನಿ

"ಸ್ವಲ್ಪ ಎಡಕ್ಕೆ. ಎಡಕ್ಕೆ ಅಂದ್ನಲ್ಲಯ್ಯಾ, ನಿನ್ನ ಎಡ ಯಾವುದು?" ಹೊರುವವರನ್ನು ಬೈಯುತ್ತಲೇ ಥೋಮ್ ತನ್ನ ಅಕ್ಕ ನೇಲ್‌ಳ ಶವಪೆಟ್ಟಿಗೆಯನ್ನು ಗಾಡಿಯಿಂದ ಇಳಿಸಿಕೊಂಡ. ಬಂದರಿನ ಗಾಳಿಗೆ ಅದರ ಮೇಲಿದ್ದ ಹೂಗಳು ಹಾರಿ ಇಗರ್ಜಿಯ ಮೆಟ್ಟಿಲುಗಳ ಮೇಲೆ ಚೆಲ್ಲಿದವು. ಅಕ್ಕನ ಹಳೆಯ ಗೆಳತಿ ಗ್ರೀತ್ ಬಗ್ಗಿ ಹೆಕ್ಕತೊಡಗಿದಳು.

"ಬಿಡೇ ಗ್ರೀತ್," ಎಂದ ಥೋಮ್. "ಸೊಂಟ ಹಿಡ್ಕೊಂಡ್ರೆ ಹಾಡೋರ್ಯಾರು?"

"ಹಾಡ್ತೀನಿ ಅಂತ ನಾನೆಲ್ಲಿ ಅಂದೆ?"

"ಪಾದ್ರಿಗೆ ಹೇಳಿಬಿಟ್ಟಿದೀನಿ. ನಿಮ್ಮಿಬ್ಬರ ಆ ಹಾಡು. ಅವಳದ್ದು ಅಂತ ಇರೋದು ಅದೊಂದೇ."

ನೇಲ್ ಬದುಕಿಡೀ ಹೊಗೆಯಾಡಿಸಿದ ಹಾವುಮೀನು ಮಾರಿದವಳು. ಒಂದು ಕಾಲಕ್ಕೆ ಗ್ರೀತ್ ಜೊತೆ ಹಾಡಿ ಅವಳೊಂದು ರೆಕಾರ್ಡು ಹೊರತಂದಿದ್ದಳೆಂಬುದು ಊರಿನ ಅರ್ಧ ಜನಕ್ಕೆ ಮರೆತೇಹೋಗಿತ್ತು.

ಇಗರ್ಜಿಯ ಒಳಗೆ, ವೃದ್ಧಾಶ್ರಮದಲ್ಲಿ ನೇಲ್‌ಳನ್ನು ನೋಡಿಕೊಳ್ಳುತ್ತಿದ್ದ ಫಿಲಿಪೀನ್ಸಿನ ನೆನಿತಾ ಬಂದು ಗ್ರೀತ್ ಪಕ್ಕ ಕೂತಳು.

"ಅಮ್ಮಾ, ಆ ಹಾಡು ಹಾಡಿದ ಇಬ್ಬರಲ್ಲಿ ನೀವೊಬ್ಬರಲ್ವಾ? ನಮ್ಮಮ್ಮ ಮನಿಲಾದಲ್ಲಿ ನಿಮ್ಮನ್ನ ನೋಡಿದಾರೆ. ಮದುವೆ ಮನೆ, ಬಸ್ಸು, ಎಲ್ಲಿ ಹೋದ್ರೂ ಆಗ ಅದೇ ಹಾಡಂತೆ." ಸ್ವಲ್ಪ ತಡೆದು ಹೇಳಿದಳು: "ಆದ್ರೆ ನಮ್ಮನೇಲಿದ್ದ ಪೋಸ್ಟರಿನಲ್ಲಿ ಇನ್ನೊಬ್ಬರಿಗೆ ಹೊಂಬಣ್ಣದ ಕೂದಲು. 'ಅದು ನನ್ನ ದನಿ ಕಣೇ' ಅಂತ ನೇಲಮ್ಮ ಅಂದಾಗ, ವಯಸ್ಸಾಗಿದೆ, ಏನೋ ಅಂತಾರೆ ಅಂತ ನಕ್ಕುಬಿಟ್ಟೆ."

"ಅವಳೇನಂದ್ಲು?"

"ಅವರೂ ನಕ್ರು. ಹಾಡಿ ತೋರ್ಸಿ ಅಂದೆ. ಗಂಟಲೆಲ್ಲ ಮೀನಿನ ಹೊಗೆಗೆ ಹೋಯ್ತು ಅಂದ್ರು."

ಗ್ರೀತ್ ಕೈಯಲ್ಲಿದ್ದ ಹೂಗಳನ್ನು ಮಡಿಲಲ್ಲಿಟ್ಟುಕೊಂಡಳು. "ನಿಜಾನೇ ಹೇಳಿದಾಳೆ," ಎಂದಳು.

*

ಆ ರೆಕಾರ್ಡನ್ನು ಹಾಲೆಂಡಿನಲ್ಲಿ ಯಾರೂ ಕೇಳಲಿಲ್ಲ. ಹೇಗೋ ಸಮುದ್ರ ದಾಟಿದ್ದು ಮನಿಲಾದಲ್ಲಿ ಮನೆಮಾತಾಯಿತು. ಅಲ್ಲಿ ಬಂದು ಹಾಡಲು ಇಬ್ಬರಿಗೂ ಕರೆ ಬಂದಾಗ ನೇಲ್‌ಳ ಅಪ್ಪ ಲಕ್ವ ಹೊಡೆದು ಮಲಗಿದ್ದ. ತಾಯಿಯಿಲ್ಲದ ಮನೆ, ಥೋಮ್ ಇನ್ನೂ ಸಣ್ಣವ.

"ಯಾವಳನ್ನಾದ್ರೂ ಕರ್ಕೊಂಡು ಹೋಗು," ಎಂದಳು ನೇಲ್, ಮೀನು ಸೀಳುತ್ತ. "ಬಾಯಾಡ್ಸೋಕೆ ಯಾರಾದ್ರೇನು? ನನ್ನ ದನಿ ಟೇಪಲ್ಲಿ ಬರುತ್ತೆ."

"ನೀನಿಲ್ದೆ ನಾ ಹೋಗಲ್ಲ."

"ಹೋಗ್ದಿದ್ರೆ ಇಬ್ರೂ ಇಲ್ಲೇ ಕೂತು ಕರುಳು ತೆಗೀತಿರ್ತೀವಿ. ಒಬ್ಬಳಾದ್ರೂ ನೋಡ್ಕೊಂಡು ಬಾ."

ಗ್ರೀತ್ ಹೋದಳು. ರೆಕಾರ್ಡು ಕಂಪನಿಯವರು ಆಮ್‌ಸ್ಟರ್‌ಡಾಮಿನಿಂದ ಒಬ್ಬ ಹೊಂಗೂದಲ ಹುಡುಗಿಯನ್ನು ಹುಡುಕಿ ಜೊತೆಗೆ ಕಳಿಸಿದರು.

ಒಂದು ಮಧ್ಯಾಹ್ನ ನೇಲ್‌ಳ ಮೀನಿನಂಗಡಿಯ ಫೋನು ಬಡಿದುಕೊಂಡಿತು. ಮನಿಲಾದಲ್ಲಿ ಆಗ ಸಂಜೆ. ಅತ್ತ ಗ್ರೀತ್ ರಿಸೀವರನ್ನು ಸಭಾಂಗಣದ ಕಡೆ ಹಿಡಿದಳು. ಸಾವಿರಾರು ಜನ ಒಟ್ಟಿಗೆ ಹಾಡುತ್ತಿದ್ದರು, ನೇಲ್‌ಳ ಸಾಲನ್ನೇ. ನೇಲ್ ಒದ್ದೆ ಕೈಯಲ್ಲೇ ಫೋನು ಹಿಡಿದು ನಿಂತು ಕೇಳಿದಳು.

"ಕೇಳಿಸ್ತೇನೇ?" ಎಂದಳು ಗ್ರೀತ್ ಕೊನೆಗೆ.

"ಗಿರಾಕಿಗಳು ಕಾಯ್ತಿದಾರೆ," ಎಂದು ನೇಲ್ ಫೋನಿಟ್ಟಳು.

ಅಂಗಡಿಯಲ್ಲಿ ಥೋಮ್ ಬಿಟ್ಟರೆ ಯಾರೂ ಇರಲಿಲ್ಲ.

ಗ್ರೀತ್ ಮರಳಿದ ಮೇಲೂ ಗೆಳೆತನ ಹಾಗೇ ಇತ್ತು. ಹವೆ, ಮೀನಿನ ರೇಟು, ಮಂಡಿ ನೋವು, ಎಲ್ಲ ಮಾತಾಡಿದರು. ಮತ್ತೆ ಒಟ್ಟಿಗೆ ಹಾಡಲಿಲ್ಲ.

*

ಪೂಜೆಯ ನಡುವೆ ಪಾದ್ರಿ ಸನ್ನೆ ಮಾಡಿದರು. ಗ್ರೀತ್ ಎದ್ದು ಪೆಟ್ಟಿಗೆಯ ಪಕ್ಕ ನಿಂತಳು.

"ಯಾವ ಶ್ರುತಿ?" ಎಂದು ಆರ್ಗನ್ ನುಡಿಸುವವನು ಮೆಲ್ಲಗೆ ಕೇಳಿದ.

"ನೀನು ಸುಮ್ನಿರಪ್ಪ. ನಾ ಮುಗಿಸಿದ್ಮೇಲೆ ನಿಂದು."

ಅವಳಿಗೆ ಬರುತ್ತಿದ್ದುದು ಕೆಳಗಿನ ದನಿ ಮಾತ್ರ. ಹಾಡಿನ ರಾಗವಿದ್ದದ್ದು ಮೇಲಿನ ದನಿಯಲ್ಲಿ. ಇವಳದು ಅದಕ್ಕೆ ಕೊಡುವ ಆಸರೆ. ಒಂದು ಸಾಲು ಹಾಡಿ ನಿಲ್ಲಿಸಿದಳು, ನೇಲ್ ಒಬ್ಬಳೇ ಹಾಡುತ್ತಿದ್ದಷ್ಟು ಹೊತ್ತು ಖಾಲಿ ಬಿಟ್ಟಳು, ಮತ್ತೆ ತನ್ನ ಸಾಲು ಎತ್ತಿಕೊಂಡಳು. ಯಾವ ಹಾಡೆಂದು ಜನಕ್ಕೆ ಗೊತ್ತಾಗಲಿಲ್ಲ. ಪದ ಮರೆತಿರಬೇಕೆಂದು ಒಬ್ಬಿಬ್ಬರು ತಲೆ ತಗ್ಗಿಸಿದರು. ಥೋಮ್ ತನ್ನ ಮಂಡಿಯನ್ನೇ ನೋಡುತ್ತ ಕೂತಿದ್ದ.

ನೆನಿತಾ ಎದ್ದು ನಿಂತಿದ್ದಳು. ಗ್ರೀತ್ ಬಿಟ್ಟ ಒಂದೊಂದು ಖಾಲಿ ಜಾಗದಲ್ಲೂ ಅವಳ ತುಟಿಗಳು ಅಲುಗುತ್ತಿದ್ದವು, ಒಂದು ಪದವೂ ತಪ್ಪದೆ, ಸದ್ದಿಲ್ಲದೆ. ಹಾಡು ಮುಗಿಯಿತೋ ಇನ್ನೂ ಇದೆಯೋ ತಿಳಿಯದೆ ಆರ್ಗನ್ನಿನವನು ಎರಡೂ ಕೈ ಎತ್ತಿ ಹಿಡಿದು ಕಾಯುತ್ತಿದ್ದ.